‘ನೋಡ್ಕೊಂಡು ಕೆಲ್ಸ ಮಾಡು’ ಅಂದ್ಬಿಟ್ರೆ ಆಯ್ತಾ?

ಬೆಳಗ್ಗೆ ಐದೂವರೆ, ಮೊದಲನೇ ಟ್ರಿಪ್ ಇಡ್ಲಿ ತೆಗೆಯೋ ಟೈಮು. ಸ್ಟೀಮರ್ ಹತ್ರ ನಿಂತಿರೋ ಹುಡುಗ ಇನ್ನೂ ಅರ್ಧ ನಿದ್ದೇಲಿರ್ತಾನೆ, ಹಿಂದಿನ ರಾತ್ರಿ ಪಾತ್ರೆ ಎಲ್ಲ ತೊಳೆದು ಮಲಗಿದ್ದೇ ಹನ್ನೆರಡಕ್ಕೆ. ಬಾಗಿಲಿನ ಎದುರಿಗೇ ನಿಂತು ಹ್ಯಾಂಡಲ್ ಎಳೀತಾನೆ, ಒಳಗಿದ್ದ ಹಬೆ ಅಷ್ಟೂ ಒಂದೇ ಸಲ ಮೊಣಕೈ ತನಕ ಹೊಡೆಯುತ್ತೆ. ಕಾಲೇಜು ಮುಗಿಸಿ ಕೆಲಸ ಸಿಗೋ ತನಕ ಬೆಂಗಳೂರಲ್ಲಿ ನಮ್ಮ ಸೋದರಮಾವನ ಹೋಟ್ಲಲ್ಲಿ ಕ್ಯಾಶಿಗೆ ಕೂತಿದ್ದೆ, ಎರಡು ವರ್ಷದಲ್ಲಿ ಇದೊಂದೇ ಸ್ಟೀಮರಿಂದ ಮೂರು ಜನ ಕೈ ಸುಟ್ಕೊಂಡಿದ್ದು ನೋಡಿದೀನಿ. ಮೂರು ಸಲಾನೂ ಮಾವ ಹೇಳಿದ್ದು ಒಂದೇ ಮಾತು, ‘ಕಂಡ್ಕಂಡ್ ಮಾಡುಕಾತಿಲ್ಯಾ ಮಾರಾಯ’, ಅಂದ್ರೆ ನೋಡ್ಕೊಂಡು ಮಾಡಕ್ಕಾಗಲ್ವಾ ಅಂತ. ಮಾವ ಕೆಟ್ಟವ್ರಲ್ಲ, ಆಸ್ಪತ್ರೆ ಖರ್ಚು ಕೊಟ್ರು, ರಜೆ ಕೊಟ್ರು, ಅವರ ಕೈಮೇಲೂ ಅಂಥದ್ದೇ ಹಳೇ ಕಲೆ ಇದೆ. ಆದ್ರೆ ಮೂರು ಬೇರೆ ಬೇರೆ ಹುಡುಗ್ರು ಒಂದೇ ಜಾಗದಲ್ಲಿ ಒಂದೇ ಥರ ಸುಟ್ಕೊಂಡ್ರೆ ತಪ್ಪು ಹುಡುಗರದ್ದಾ, ಆ ಜಾಗದ್ದಾ?

ಕೆಲಸದ ಜಾಗದ ಸುರಕ್ಷತೆ ಅಂದ ತಕ್ಷಣ ನಮಗೆ ಫ್ಯಾಕ್ಟರಿ, ಹೆಲ್ಮೆಟ್ಟು, ಗಣಿ ಇಂಥದ್ದೇ ಕಣ್ಣಿಗೆ ಬರೋದು. ದರ್ಶಿನಿ, ಸಲೂನು, ಬ್ಯೂಟಿ ಪಾರ್ಲರ್, ಬಟ್ಟೆ ಅಂಗಡಿ ಇವೆಲ್ಲ ಲೆಕ್ಕಕ್ಕೇ ಬರಲ್ಲ. ಐದಾರು ಜನ ಇರ್ತಾರೆ, ಓನರ್ರೇ ಜೊತೆಗೆ ನಿಂತು ಕೆಲಸ ಮಾಡ್ತಿರ್ತಾರೆ, ಸೇಫ್ಟಿ ಆಫೀಸರ್ ಅಂತ ಯಾರೂ ಇಲ್ಲ, ಏನಾದ್ರೂ ಆದ್ರೆ ‘ಹುಷಾರಾಗಿರ್ಬೇಕಿತ್ತು’ ಅಂತ ಮುಗಿಸ್ತಾರೆ. ನಾನೀಗ ಇಂಥ ಸಣ್ಣ ಹೋಟ್ಲು ಅಂಗಡಿಗಳಿಗೇ ಲೆಕ್ಕಪತ್ರ ಬರ್ಕೊಡೋ ಕೆಲಸ ಮಾಡೋದು, ಹಾಗಾಗಿ ಅಡುಗೆಮನೆ ಕಡೆಯಿಂದಾನೂ ನೋಡಿದೀನಿ, ಇಎಸ್ಐ (ಕೆಲಸಗಾರರ ಸರ್ಕಾರಿ ವಿಮೆ) ಚಲನ್ ಕಡೆಯಿಂದಾನೂ ನೋಡಿದೀನಿ.

ಮೊದಲು ಆ ಹಬೆ ವಿಷಯ ಹೇಳ್ತೀನಿ. ಬಿಸಿನೀರು ಬಿದ್ರೂ ಸುಡುತ್ತೆ, ಹಬೆ ಬಿದ್ರೂ ಸುಡುತ್ತೆ, ಎರಡೂ ನೂರು ಡಿಗ್ರೀನೇ ತಾನೆ ಅನ್ಸುತ್ತೆ. ಆದ್ರೆ ಒಂದು ಗ್ರಾಂ ಕುದಿಯೋ ನೀರು ಮೈ ಮೇಲೆ ಬಿದ್ದು ಮೈಯ ಬಿಸಿಗೆ ಇಳಿಯೋಷ್ಟರಲ್ಲಿ ಬಿಟ್ಟುಕೊಡೋದು ಅರವತ್ಮೂರು ಕ್ಯಾಲೊರಿ ಶಾಖ. ಒಂದು ಗ್ರಾಂ ಹಬೆ ಚರ್ಮಕ್ಕೆ ತಾಗಿ ನೀರಾಗೋವಾಗ್ಲೇ 540 ಕ್ಯಾಲೊರಿ ಬಿಟ್ಟುಬಿಡುತ್ತೆ, ಆಮೇಲೆ ಆ ನೀರಿನ ಅರವತ್ಮೂರು ಬೇರೆ. ಸರಿಸುಮಾರು ಹತ್ತು ಪಟ್ಟು. ಅದಕ್ಕೇ ಸ್ಟೀಮರ್ ಗಾಯ ನೋಡೋಕೆ ಸಣ್ಣದು, ಒಳಗೆ ಆಳ.

ಇದಕ್ಕೆ ಏನು ಮಾಡ್ಬಹುದು ಅಂತ ಯೋಚಿಸೋಕೆ ಸೇಫ್ಟಿಯವರ ಹತ್ರ ಒಂದು ಐದು ಮೆಟ್ಟಿಲ ಲೆಕ್ಕ ಇದೆ, ಹೈರಾರ್ಕಿ ಆಫ್ ಕಂಟ್ರೋಲ್ಸ್ ಅಂತಾರೆ. ಅಪಾಯನ ಪೂರ್ತಿ ತೆಗೆದುಹಾಕಕ್ಕಾಗುತ್ತಾ ಅನ್ನೋದು ಎಲ್ಲಕ್ಕಿಂತ ಮೇಲಿನ ಮೆಟ್ಟಿಲು. ಆಗ್ದಿದ್ರೆ ಅದರ ಬದಲು ಕಮ್ಮಿ ಅಪಾಯದ್ದು ಏನಾದ್ರೂ ತರಕ್ಕಾಗುತ್ತಾ, ಅದೂ ಇಲ್ಲಾಂದ್ರೆ ಮನುಷ್ಯನಿಗೂ ಅಪಾಯಕ್ಕೂ ಮಧ್ಯ ಏನಾದ್ರೂ ಅಡ್ಡ ಇಡಕ್ಕಾಗುತ್ತಾ, ಆಮೇಲೆ ಕೆಲಸ ಮಾಡೋ ಕ್ರಮ ಬದಲಾಯಿಸೋದು, ಕೊನೆಗೆ ಗ್ಲೌಸು ಮಾಸ್ಕು ಬೂಟು. ಮೇಲಿನದು ಜಾಸ್ತಿ ಕೆಲಸ ಮಾಡುತ್ತೆ, ಯಾಕಂದ್ರೆ ಅದಕ್ಕೆ ಯಾರೂ ಎಚ್ಚರವಾಗಿರೋ ಅಗತ್ಯ ಇಲ್ಲ. ಗ್ಲೌಸು ನಿದ್ದೆಗಣ್ಣಲ್ಲಿ ಮರೆತುಹೋಗುತ್ತೆ, ಗೋಡೆ ಮರೆತುಹೋಗಲ್ಲ. ನಾವು ಮಾತ್ರ ಶುರು ಮಾಡೋದೇ ಕೆಳಗಿಂದ, ‘ನೋಡ್ಕೊಂಡ್ ಮಾಡು’ ಅನ್ನೋದಂತೂ ಆ ಐದರಲ್ಲಿ ಒಂದು ಮೆಟ್ಟಿಲೂ ಅಲ್ಲ.

ಸ್ಟೀಮರಿಗೆ ಕೊನೆಗೆ ಆಗಿದ್ದಿಷ್ಟೇ. ರಿಪೇರಿಗೆ ಬಂದ ಮೆಕ್ಯಾನಿಕ್ಕು ‘ಇದ್ಯಾಕ್ ಸಾರ್ ಹಿಂಗಿಟ್ಟಿದೀರ’ ಅಂತ ಕೇಳಿ, ಅದನ್ನ ಸ್ವಲ್ಪ ತಿರುಗಿಸಿ, ಬಾಗಿಲು ತೆಗೆಯೋನು ಬಾಗಿಲಿನ ಹಿಂದೇನೇ ನಿಲ್ಲೋ ಹಾಗೆ ಇಟ್ಟ. ಎದುರಿಗೆ ನಿಲ್ಲಬೇಕು ಅಂದ್ರೂ ಜಾಗ ಇಲ್ಲ. ಬಾಗಿಲೇ ಅಡ್ಡ ಗೋಡೆ ಆಯ್ತು, ಹಬೆ ಆ ಕಡೆ ಹೋಗುತ್ತೆ. ಜೊತೆಗೆ ಗ್ಯಾಸ್ ಆಫ್ ಮಾಡಿ, ಒಂದಿಂಚು ತೆಗೆದು, ಹತ್ತು ಎಣಿಸಿ ಆಮೇಲೆ ಪೂರ್ತಿ ತೆಗೆಯೋ ಅಭ್ಯಾಸ. ಖರ್ಚು ಸೊನ್ನೆ. ಎರಡು ವರ್ಷ ಬೈದಿದ್ದಕ್ಕೆ ಆಗದ ಕೆಲಸ ಅರ್ಧ ಗಂಟೇಲಿ ಆಯ್ತು.

ಈ ಕಣ್ಣಲ್ಲಿ ನೋಡಕ್ಕೆ ಶುರು ಮಾಡಿದ್ರೆ ಅಡುಗೆಮನೆ ನೆಲಾನೇ ಬೇರೆ ಥರ ಕಾಣುತ್ತೆ. ವಡೆ ಕರಿಯೋ ಎಣ್ಣೆಯ ಹೊಗೆ ಮೇಲೆ ಹೋಗಿ ತಣ್ಣಗಾಗಿ ಮತ್ತೆ ನೆಲದ ಮೇಲೆ ತೆಳ್ಳಗೆ ಕೂರುತ್ತೆ, ಅದರ ಮೇಲೆ ನೀರು, ಅದರ ಮೇಲೆ ಸೋಪು. ಮಧ್ಯಾಹ್ನ ಕ್ಲೀನರ್ ಹುಡುಗ ಒದ್ದೆ ಮಾಪ್ ಹಿಡಿದು ಎಳೆದ್ರೆ ಎಣ್ಣೆ ಹೋಗಲ್ಲ, ಒಂದು ಕಡೆ ಇದ್ದದ್ದು ಎಲ್ಲಾ ಕಡೆ ಹರಡುತ್ತೆ ಅಷ್ಟೆ. ಬಿಸಿನೀರಿಗೆ ಸೋಪು ಹಾಕಿ ಸುರಿದು, ಐದು ನಿಮಿಷ ಬಿಟ್ಟು, ಬ್ರಷ್ಷಲ್ಲಿ ಉಜ್ಜಿ, ವೈಪರಲ್ಲಿ ಮೋರಿಗೆ ತಳ್ಳಿದ್ರೆ ಹೋಗುತ್ತೆ. ಕಾಲಲ್ಲಿರೋದು ತಳ ಸವೆದ ಹವಾಯಿ ಚಪ್ಪಲಿ, ಕೈಯಲ್ಲಿ ಬಾಯಿ ತನಕ ತುಂಬಿದ ಸಾಂಬಾರ್ ಪಾತ್ರೆ, ಮುಚ್ಚಳ ಇಲ್ಲ, ಕೌಂಟರಿಂದ ‘ಸಾಂಬಾರ್ ಎಲ್ಲೋ’ ಅಂತ ಕೂಗು. ನಾನಿದ್ದಾಗ ಒಬ್ಬ ಹುಡುಗ ಹೀಗೇ ಜಾರಿ ತೊಡೆಯಿಂದ ಪಾದದ ತನಕ ಸುಟ್ಕೊಂಡ. ಒಬ್ರು ಟೂತ್‌ಪೇಸ್ಟ್ ತಂದ್ರು, ಇನ್ನೊಬ್ರು ದೋಸೆ ಹಿಟ್ಟು ಮೆತ್ತಿದ್ರು, ನಾನು ಓಡಿಹೋಗಿ ಐಸ್ ತಂದೆ. ಮೂರೂ ತಪ್ಪು. ಸುಟ್ಟ ಜಾಗನ ಹರಿಯೋ ನಲ್ಲಿ ನೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡೀಬೇಕು, ಮೇಲಿನ ಬಟ್ಟೆ ಅಂಟಿಕೊಂಡಿಲ್ಲ ಅಂದ್ರೆ ತೆಗೀಬೇಕು, ಊದಿಕೊಳ್ಳೋ ಮುಂಚೆ ಉಂಗುರ ಕಡಗ ಬಿಚ್ಚಬೇಕು, ಬೊಬ್ಬೆ ಒಡೀಬಾರ್ದು, ಆಮೇಲೆ ಸ್ವಚ್ಛ ಬಟ್ಟೆ ಸಡಿಲವಾಗಿ ಮುಚ್ಚಿ ಆಸ್ಪತ್ರೆ. ಇಪ್ಪತ್ತು ನಿಮಿಷ ಅಂದ್ರೆ ನಿಜವಾಗ್ಲೂ ಇಪ್ಪತ್ತು ನಿಮಿಷ, ಎರಡು ನಿಮಿಷಕ್ಕೇ ಆಟೋ ಹತ್ತಿಸಬೇಡಿ, ಚರ್ಮದ ಒಳಗಿನ ಬಿಸಿ ಇನ್ನೂ ಬೇಯಿಸ್ತಾನೇ ಇರುತ್ತೆ. ಅಂದಹಾಗೆ ಮೆಟ್ಟಿಲ ಲೆಕ್ಕದಲ್ಲಿ ಆ ಸಾಂಬಾರಿಗೆ ಉತ್ತರ ಒಂದು ತಳ್ಳೋ ಟ್ರಾಲಿ, ಮುಚ್ಚಳ ಇರೋ ಸಣ್ಣ ಪಾತ್ರೆ.

ಬಾಣಲೆ ಎಣ್ಣೆಗೆ ಬೆಂಕಿ ಹತ್ತಿದ್ರೆ ನೀರು ಹಾಕಬಾರ್ದು ಅಂತ ಎಲ್ಲರೂ ಹೇಳ್ತಾರೆ, ಯಾಕೆ ಅಂತ ಗೊತ್ತಿದ್ರೆ ಗಾಬರೀಲೂ ನೆನಪಿರುತ್ತೆ. ನೀರು ಎಣ್ಣೆಗಿಂತ ಭಾರ, ಕೆಳಗೆ ಇಳಿಯುತ್ತೆ, ಆ ಬಿಸಿಗೆ ಕ್ಷಣದಲ್ಲಿ ಆವಿ ಆಗುತ್ತೆ, ಒಂದು ಲೀಟರ್ ನೀರು ಸುಮಾರು 1,700 ಲೀಟರ್ ಆವಿ. ಅದು ಮೇಲಿರೋ ಉರಿಯೋ ಎಣ್ಣೇನೆಲ್ಲ ಎತ್ತಿ ಚಾವಣಿಗೆ ಎಸೆಯುತ್ತೆ. ಗ್ಯಾಸ್ ಆಫ್ ಮಾಡಿ, ಬಾಣಲೆ ಮುಚ್ಚೋಷ್ಟು ದೊಡ್ಡ ತಟ್ಟೆ ಪಕ್ಕದಿಂದ ಜಾರಿಸಿ ಮುಚ್ಚಿ, ತಣ್ಣಗಾಗೋ ತನಕ ತೆಗೀಬೇಡಿ. ಆ ತಟ್ಟೆ ಒಲೆ ಪಕ್ಕದಲ್ಲೇ ಮೊಳೆಗೆ ತಗುಲಿಹಾಕಿರ್ಬೇಕು, ಸ್ಟೋರ್ ರೂಮಲ್ಲಿ ಅಲ್ಲ.

ಗ್ಯಾಸಿನ ವಿಷಯಕ್ಕೆ ಬಂದ್ರೆ, ಎಲ್‌ಪಿಜಿ ಗಾಳಿಗಿಂತ ಭಾರ. ಲೀಕ್ ಆದ್ರೆ ಮೇಲೆ ಹೋಗಲ್ಲ, ನೀರಿನ ಥರ ನೆಲದ ಮೇಲೆ ಹರಡಿ ಮೋರಿ, ಸಂಪು, ಬೇಸ್‌ಮೆಂಟು ಎಲ್ಲಿ ತಗ್ಗು ಸಿಗುತ್ತೋ ಅಲ್ಲಿ ನಿಲ್ಲುತ್ತೆ. ಮೇಲೆ ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ ಅಂತ ಧೈರ್ಯ ತಗೊಳ್ಳೋ ಹಾಗಿಲ್ಲ, ನೆಲದ ಮಟ್ಟದಲ್ಲಿ ಗಾಳಿ ಕಿಂಡಿ ಬೇಕು. ಗಾಳೀಲಿ ನೂರಕ್ಕೆ ಎರಡು ಭಾಗ ಗ್ಯಾಸ್ ಸೇರಿದ್ರೂ ಹತ್ತಿಕೊಳ್ಳೋಕೆ ಸಾಕು. ಗ್ಯಾಸಿಗೆ ಸ್ವಂತ ವಾಸನೆ ಇಲ್ಲ, ನಮಗೆ ಗೊತ್ತಾಗ್ಲಿ ಅಂತ ಮರ್ಕಾಪ್ಟನ್ ಅನ್ನೋದನ್ನ ಬೆರೆಸಿರ್ತಾರೆ, ಆದ್ರೆ ಮೂಗು ಅದಕ್ಕೂ ಒಗ್ಗಿಕೊಂಡುಬಿಡುತ್ತೆ. ಅದಕ್ಕೇ ಒಳಗೇ ಮಲಗಿರೋ ಹುಡುಗರಿಗೆ ಬರದ ವಾಸನೆ ಹೊರಗಿಂದ ಬಂದ ಹಾಲಿನವನಿಗೆ ಬರುತ್ತೆ. ಬೆಳಗ್ಗೆ ಮೊದಲು ಒಳಗೆ ಹೋಗೋರು ಬಾಗಿಲು ತೆಗೆದು, ಒಂದು ಸಲ ಮೂಸಿ ನೋಡಿ, ಆಮೇಲೇ ಲೈಟ್ ಸ್ವಿಚ್ಚಿಗೆ ಕೈ ಹಾಕ್ಬೇಕು. ವಾಸನೆ ಬಂದ್ರೆ ಸ್ವಿಚ್ ಹಾಕೋದೂ ಬೇಡ ಆರಿಸೋದೂ ಬೇಡ, ಎರಡರಲ್ಲೂ ಕಿಡಿ ಇರುತ್ತೆ. ಸಿಲಿಂಡರ್ ವಾಲ್ವ್ ಮುಚ್ಚಿ, ಎಲ್ರನ್ನೂ ಆಚೆ ಕಳಿಸಿ, ಗ್ಯಾಸ್ ಲೀಕಿನ ತುರ್ತು ನಂಬರ್ 1906ಕ್ಕೆ ಫೋನ್ ಮಾಡಿ, ಅದನ್ನೂ ಹೊರಗೆ ಬಂದು. ಲೀಕ್ ಪತ್ತೆಗೆ ಸೋಪಿನ ನೀರು, ಬೆಂಕಿಕಡ್ಡಿ ಅಲ್ಲ. ಇದನ್ನ ಬರೀಬೇಕಾ ಅನ್ಸುತ್ತೆ, ಆದ್ರೆ ಕಡ್ಡಿ ಗೀರಿ ನೋಡೋರನ್ನ ನಾನೇ ನೋಡಿದೀನಿ. ಇನ್ನೊಂದು, ಲೈಸೆನ್ಸ್ ಇಲ್ದೆ ಒಂದು ಜಾಗದಲ್ಲಿ ಇಡಬಹುದಾದ್ದು 100 ಕೆಜಿ ಗ್ಯಾಸು, ಅಂದ್ರೆ 19 ಕೆಜಿಯ ಕಮರ್ಷಿಯಲ್ ಸಿಲಿಂಡರ್ ಐದೇ. ಹಬ್ಬದ ಸೀಸನ್ನಲ್ಲಿ ಎಂಟು ಹತ್ತು ಸಿಲಿಂಡರ್‌ನ ಮೆಟ್ಟಿಲ ಕೆಳಗೆ ಪೇರಿಸಿರ್ತಾರೆ, ಆ ಮೆಟ್ಟಿಲ ಮೇಲಿನ ರೂಮಲ್ಲೇ ಹುಡುಗರು ಮಲಗೋದು.

ಕರೆಂಟಲ್ಲಿ ಒಂದು ದೊಡ್ಡ ತಪ್ಪು ತಿಳುವಳಿಕೆ ಇದೆ. ‘ಎಂಸಿಬಿ ಹಾಕ್ಸಿದೀವಿ, ಶಾಕ್ ಹೊಡೆದ್ರೆ ಟ್ರಿಪ್ ಆಗುತ್ತೆ’ ಅಂತಾರೆ. ಆಗಲ್ಲ ಸ್ವಾಮಿ. ಎಂಸಿಬಿ ಅಂದ್ರೆ ಬೋರ್ಡಲ್ಲಿ ತಾನಾಗೇ ಬೀಳೋ ಸ್ವಿಚ್ಚು, ಅದು ಇರೋದು ವೈರ್ ಉಳಿಸೋಕೆ. 16 ಆಂಪಿಯರಿನದ್ದಾದ್ರೆ ಅದಕ್ಕಿಂತ ಜಾಸ್ತಿ ಎಳೆದಾಗ ಬೀಳುತ್ತೆ, ಮನುಷ್ಯನ ಎದೆ ನಿಲ್ಲೋಕೆ ಒಂದು ಆಂಪಿಯರಿನ ಹತ್ತನೇ ಒಂದು ಭಾಗಾನೂ ಬೇಡ. ಮನುಷ್ಯನನ್ನ ಉಳಿಸೋದು ಆರ್‌ಸಿಸಿಬಿ, 30 ಮಿಲಿಆಂಪಿಯರಿನದ್ದು. ಅದು ಒಳಗೆ ಹೋದ ಕರೆಂಟು ಅಷ್ಟೂ ವಾಪಸ್ ಬಂತಾ ಅಂತ ಲೆಕ್ಕ ನೋಡ್ತಾ ಇರುತ್ತೆ, ಸ್ವಲ್ಪ ಕಮ್ಮಿ ಬಂದ್ರೂ ‘ಯಾರ ಮೈಯಿಂದಾನೋ ಸೋರಿಹೋಗ್ತಿದೆ’ ಅಂತ ಕ್ಷಣದಲ್ಲಿ ಕಟ್ ಮಾಡುತ್ತೆ. ಒದ್ದೆ ನೆಲ, ಬರಿಗಾಲು, ಹಿಟ್ಟು ಮೆತ್ತಿದ ಗ್ರೈಂಡರು, ತ್ರೀ ಪಿನ್ನಿನ ಅರ್ಥ್ ಪಿನ್ ಮುರಿದು ಟೂ ಪಿನ್ ಮಾಡಿಕೊಂಡ ಪ್ಲಗ್ಗು, ಇದು ಯಾವ ಹೋಟ್ಲಲ್ಲಿ ಇಲ್ಲ ಹೇಳಿ. ಆರ್‌ಸಿಸಿಬಿ ಮೇಲೆ ಟೆಸ್ಟ್ ಅಂತ ಒಂದು ಬಟನ್ ಇರುತ್ತೆ, ತಿಂಗಳಿಗೊಂದ್ಸಲ ಒತ್ತಿ, ಬೀಳ್ಲಿಲ್ಲ ಅಂದ್ರೆ ಅವತ್ತೇ ಎಲೆಕ್ಟ್ರಿಷಿಯನ್ನ ಕರೀರಿ.

ಇವೆಲ್ಲ ಒಂದು ಕ್ಷಣದಲ್ಲಿ ಆಗೋವು. ನಿಧಾನಕ್ಕೆ ಆಗೋವು ಇನ್ನೂ ಕಷ್ಟ, ಯಾಕಂದ್ರೆ ಅದನ್ನ ಯಾರೂ ಆಕ್ಸಿಡೆಂಟ್ ಅನ್ನಲ್ಲ. ಪಾತ್ರೆ ತೊಳೆಯೋರ ಬೆರಳ ಸಂದು ಬೆಳ್ಳಗಾಗಿ ಬಿರಿದಿರುತ್ತೆ, ಹಳ್ಳಿ ಕಡೆಯವರಾದ್ರೆ ಕೆಸರುಹುಣ್ಣು ಅಂತಾರೆ. ಸೋಪು ಚರ್ಮದ ಎಣ್ಣೆ ಅಂಶ ತೆಗೆಯುತ್ತೆ, ದಿನವಿಡೀ ಒದ್ದೆ ಇರೋದ್ರಿಂದ ಫಂಗಸ್ ಕೂರುತ್ತೆ. ರಬ್ಬರ್ ಗ್ಲೌಸ್ ಕೊಟ್ರೆ ‘ಬೆವರುತ್ತೆ, ಜಾರುತ್ತೆ’ ಅಂತ ಹಾಕಲ್ಲ, ಅದು ಸುಳ್ಳೂ ಅಲ್ಲ, ಒಳಗೆ ತೆಳು ಹತ್ತಿ ಗ್ಲೌಸ್ ಹಾಕಿ ಮೇಲೆ ರಬ್ಬರಿಂದು ಹಾಕಿದ್ರೆ ತಡೆಯುತ್ತೆ. ಇಬ್ಬರಿಗೆ ಪಾಳಿ ಮಾಡಿ ತೊಳೆಸಿದ್ರೆ ಇನ್ನೂ ವಾಸಿ.

ದೋಸೆ ಭಟ್ರ ಕಾಲು ನೋಡಿ ಒಂದ್ಸಲ. ನರ ಹಗ್ಗದ ಥರ ಉಬ್ಬಿರುತ್ತೆ. ಕಾಲಿಂದ ರಕ್ತ ಮೇಲಕ್ಕೆ ಹೋಗೋಕೆ ಮೀನಖಂಡ ಪಂಪಿನ ಥರ ಒತ್ತಬೇಕು, ನಡೆದ್ರೆ ಒತ್ತುತ್ತೆ, ನಿಂತಲ್ಲೇ ನಿಂತ್ರೆ ಒತ್ತಲ್ಲ, ರಕ್ತ ಕೆಳಗೇ ನಿಂತು ನಾಳದ ಒಳಗಿನ ಕವಾಟಗಳು ಸಡಿಲ ಆಗ್ತವೆ. ಒಂದು ಕಾಲು ಇಡೋಕೆ ಸಣ್ಣ ಮಣೆ, ನಿಲ್ಲೋಕೆ ದಪ್ಪ ರಬ್ಬರ್ ಮ್ಯಾಟು, ಗಿರಾಕಿ ಇಲ್ದಾಗ ಕೂರೋಕೆ ಒಂದು ಸ್ಟೂಲು. ಸ್ಟೂಲಿಗೆ ಯಾಕೆ ಜಗಳ ಅಂತೀರಾ? ಕೇರಳದಲ್ಲಿ ಬಟ್ಟೆ ಅಂಗಡಿ ಹೆಣ್ಮಕ್ಕಳು ‘ನಮಗೆ ಕೂರೋ ಹಕ್ಕು ಬೇಕು’ ಅಂತ ವರ್ಷಗಟ್ಟಲೆ ಹೋರಾಟ ಮಾಡಿದ್ರು. ಕೋಯಿಕ್ಕೋಡಿನ ಪಿ. ವಿಜಿ ಅನ್ನೋರು ಕಟ್ಟಿದ ಪೆಣ್‌ಕೂಟ್ಟು ಸಂಘಟನೆ ಅದರ ಮುಂದೆ ಇತ್ತು. 2018ರಲ್ಲಿ ಅಲ್ಲಿ ಕಾನೂನೇ ತಿದ್ದಿದ್ರು, 2021ರಲ್ಲಿ ತಮಿಳುನಾಡೂ ಮಾಡ್ತು. ಮೂತ್ರಕ್ಕೆ ಹೋಗ್ಬೇಕಾಗುತ್ತೆ ಅಂತ ನೀರೇ ಕುಡೀದೆ ಇರೋ ಸೇಲ್ಸ್ ಹುಡುಗೀರು ನಮ್ಮ ಚಿಕ್ಕಪೇಟೆ ಕಡೇನೂ ಇದಾರೆ, ಇಡೀ ಕಾಂಪ್ಲೆಕ್ಸಿಗೆ ಒಂದು ಟಾಯ್ಲೆಟ್ಟು, ಅದಕ್ಕೂ ಬೀಗ. ಒಲೆ ಮುಂದೆ ಬೆವರು ಸುರಿಸೋರೂ ಹಾಗೇ ಮಾಡಿದ್ರೆ ಮೂತ್ರದ ಸೋಂಕು, ಕಿಡ್ನಿ ಕಲ್ಲು ಬರದೆ ಇನ್ನೇನು.

ಟೈಮಿನ ಬಗ್ಗೆ ಒಂದು ಮಾತು ಹೇಳ್ಲೇಬೇಕು, ಸುಸ್ತೇ ಎಲ್ಲ ಆಕ್ಸಿಡೆಂಟಿಗೂ ತಾಯಿ ಅಂತ ನನ್ನ ಅಭಿಪ್ರಾಯ. 1961ರ ಕರ್ನಾಟಕ ಶಾಪ್ಸ್ ಆಕ್ಟ್ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ಐದು ಗಂಟೆ ಕೆಲಸ ಆದ್ಮೇಲೆ ಒಂದು ಗಂಟೆ ವಿರಾಮ, ವಾರಕ್ಕೊಂದು ದಿನ ರಜೆ. ಬಿಡುವೂ ಸೇರಿ ಶುರುವಿಂದ ಕೊನೆ ತನಕ 12 ಗಂಟೆ ದಾಟಬಾರ್ದು. ಹೋಟ್ಲು ಲೆಕ್ಕ ಬೇರೆ, ಬೆಳಗ್ಗೆ ಐದರಿಂದ ಹನ್ನೊಂದು, ಆಮೇಲೆ ‘ರೆಸ್ಟು’, ಮತ್ತೆ ನಾಲ್ಕರಿಂದ ರಾತ್ರಿ ಹನ್ನೊಂದು. ಹದಿನೆಂಟು ಗಂಟೆ ಆಯ್ತು. ಆ ನಿದ್ದೆಗೆಟ್ಟ ಹುಡುಗನಿಗೇ ನಾವು ನೋಡ್ಕೊಂಡು ಮಾಡು ಅನ್ನೋದು.

ಸಲೂನು ಪಾರ್ಲರಿನ ಕಥೆ ಬೇರೆ, ಅಲ್ಲಿ ಅಪಾಯ ಬಾಟಲಿಯಲ್ಲಿರುತ್ತೆ. ಕಪ್ಪು ಹೇರ್ ಡೈಯಲ್ಲಿ ಪಿಪಿಡಿ ಅನ್ನೋ ಕೆಮಿಕಲ್ ಇರುತ್ತೆ, ಗಿರಾಕಿ ತಿಂಗಳಿಗೊಮ್ಮೆ ಹಚ್ಚಿಸ್ಕೊಂಡ್ರೆ ಹಚ್ಚೋರು ದಿನಕ್ಕೆ ನಾಲ್ಕು ಸಲ ಮುಟ್ತಾರೆ, ಒಂದಿನ ಇದ್ದಕ್ಕಿದ್ದಂಗೆ ಅಲರ್ಜಿ ಶುರುವಾದ್ರೆ ಜೀವನಪೂರ್ತಿ ಹೋಗಲ್ಲ, ಕಸುಬೇ ಬಿಡಬೇಕಾಗುತ್ತೆ. ಕೂದಲು ನೇರ ಮಾಡೋ ಕೆಲವು ಕ್ರೀಮುಗಳು ಇಸ್ತ್ರಿ ಬಿಸಿಗೆ ಫಾರ್ಮಾಲ್ಡಿಹೈಡ್ ಬಿಡ್ತವೆ, ಕಣ್ಣುರಿ ಗಂಟಲುರಿ ಬಂದು ‘ಸ್ಟ್ರಾಂಗ್ ಪ್ರಾಡಕ್ಟು’ ಅಂತ ಖುಷಿಪಡ್ತಾರೆ. ಅದು ಕ್ಯಾನ್ಸರ್ ತರೋದು ಖಚಿತ ಅಂತ ಪಟ್ಟಿಯಲ್ಲಿರೋ ವಸ್ತು. ಎಸಿ ಉಳಿಯಲಿ ಅಂತ ಕಿಟಕಿ ಮುಚ್ಚಿದ ಹತ್ತಡಿ ರೂಮಲ್ಲಿ ಮಾಸ್ಕ್ ಹಾಕಿದ್ರೂ ಬಟ್ಟೆ ಮಾಸ್ಕು ಅನಿಲ ತಡೆಯಲ್ಲ. ಇನ್ನು ಬ್ಲೇಡು: ಹೆಪಟೈಟಿಸ್ ಬಿ ವೈರಸ್ಸು ಒಣಗಿದ ರಕ್ತದಲ್ಲೂ ಏಳು ದಿನ ಬದುಕಿರುತ್ತೆ. ಗಿರಾಕಿಗೆ ಹೊಸ ಬ್ಲೇಡ್ ಹಾಕೋದು ಎಲ್ರೂ ಕಲ್ತಿದಾರೆ, ಹಳೇದನ್ನ ಬೆರಳಲ್ಲಿ ಕಿತ್ತು ಕಸದ ಡಬ್ಬಿಗೆ ಹಾಕಿ ಕಸದವರ ಕೈ ಕೊಯ್ಸೋದು ಬಿಟ್ಟಿಲ್ಲ. ಹೆಪಟೈಟಿಸ್ ಬಿಗೆ ಲಸಿಕೆ ಇದೆ, ಆರು ತಿಂಗಳಲ್ಲಿ ಮೂರು ಡೋಸು, ಈ ಕೆಲಸದವರೆಲ್ಲ ಹಾಕಿಸ್ಕೊಳ್ಬೇಕು.

ಒಂದೇ ಒಂದು ಕೆಲಸ ಮಾತ್ರ ಹೇಗೂ ಮಾಡಿಸಬೇಡಿ. ಪಿಟ್ ತುಂಬಿದೆ, ಚೇಂಬರ್ ಕಟ್ಟಿದೆ, ‘ಸ್ವಲ್ಪ ಇಳಿದು ನೋಡೋ’ ಅಂತ ಕ್ಲೀನರ್ ಹುಡುಗನಿಗೆ ಹೇಳೋದು. ಒಳಗಿನ ಹೈಡ್ರೋಜನ್ ಸಲ್ಫೈಡ್ ಅನ್ನೋ ವಿಷಗಾಳಿ ಜಾಸ್ತಿ ಇದ್ದಾಗ ಮೂಗಿನ ಶಕ್ತೀನೇ ಹೊಡೆದುಹಾಕುತ್ತೆ, ವಾಸನೆ ಇಲ್ಲ ಅಂತ ಇಳಿದೋನು ಎರಡು ಉಸಿರಿಗೆ ಬೀಳ್ತಾನೆ, ಅವನನ್ನ ಎತ್ತೋಕೆ ಇಳಿದೋನೂ ಬೀಳ್ತಾನೆ. ರಕ್ಷಣಾ ಸಾಮಗ್ರಿ ಇಲ್ದೆ ಯಾರನ್ನೂ ಇಳಿಸೋದು 2013ರ ಮಲಹೊರುವ ಪದ್ಧತಿ ನಿಷೇಧ ಕಾಯ್ದೆ ಪ್ರಕಾರ ಅಪರಾಧ, ಸತ್ತೋರ ಮನೆಗೆ ಕೊಡೋ ಪರಿಹಾರನ 2023ರ ಅಕ್ಟೋಬರಲ್ಲಿ ಸುಪ್ರೀಂ ಕೋರ್ಟ್ 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿದೆ. ಸಕ್ಕಿಂಗ್ ಮಷಿನ್ ಕರೆಸಿ.

ಈಗ ದುಡ್ಡಿನ ಮಾತು, ಇದು ನನ್ನ ಕೆಲಸದ ಕಡೆ. ಹತ್ತು ಜನ ಅಥವಾ ಜಾಸ್ತಿ ಇದ್ರೆ ಇಎಸ್ಐ ಕಡ್ಡಾಯ, ತಿಂಗಳಿಗೆ 21,000 ರೂ. ತನಕ ಸಂಬಳ ಇರೋರಿಗೆ. ಕೆಲಸಗಾರಂದು 0.75 ಪರ್ಸೆಂಟು, ಓನರದ್ದು 3.25. ಹದಿನೈದು ಸಾವಿರ ಸಂಬಳಕ್ಕೆ ಇಬ್ಬರದ್ದೂ ಸೇರಿ 600 ರೂ. ಆಸುಪಾಸು. ಇದಕ್ಕೆ ಮನೆಯವರಿಗೂ ಸೇರಿ ಚಿಕಿತ್ಸೆ, ಕೆಲಸದಲ್ಲಿ ಪೆಟ್ಟಾಗಿ ಮನೇಲಿ ಕೂತ್ರೆ ಸಂಬಳದ 90 ಪರ್ಸೆಂಟು. ಕೆಲಸಕ್ಕೆ ಸೇರಿದ ಮೊದಲನೇ ದಿನವೇ ಪೆಟ್ಟಾದ್ರೂ ಸಿಗುತ್ತೆ. ಆದ್ರೂ ಹನ್ನೆರಡು ಜನ ಇಟ್ಕೊಂಡು ಪುಸ್ತಕದಲ್ಲಿ ಒಂಬತ್ತು ತೋರಿಸಿ ಅಂತ ನನ್ನ ಹತ್ರಾನೇ ಕೇಳೋರಿದಾರೆ. ಲಾಭ ಅನ್ಕೋತಾರೆ. ಇಎಸ್ಐ ಇಲ್ದಿದ್ರೆ ಪರಿಹಾರ ಓನರ್ ಜೇಬಿಂದಾನೇ ಹೋಗ್ಬೇಕು, 1923ರಿಂದಾನೂ ಇರೋ ಕಾನೂನದು, ಈಗ 2020ರ ಸೋಷಿಯಲ್ ಸೆಕ್ಯುರಿಟಿ ಕೋಡ್ ಒಳಗೆ ಸೇರಿದೆ. ತಿಂಗಳಿಗೆ 15,000 ಸಂಬಳದ ಇಪ್ಪತ್ತೈದು ವರ್ಷದ ಹುಡುಗ ಕೆಲಸದಲ್ಲಿ ತೀರಿಹೋದ್ರೆ ಸಂಬಳದ ಅರ್ಧನ ಆ ವಯಸ್ಸಿಗೆ ಕಾನೂನಲ್ಲಿ ಕೊಟ್ಟಿರೋ 216.91ರಿಂದ ಗುಣಿಸ್ತಾರೆ, ಹದಿನಾರು ಲಕ್ಷದ ಮೇಲಾಗುತ್ತೆ. ಹತ್ತಕ್ಕಿಂತ ಕಮ್ಮಿ ಜನ ಇರೋರು ಇದಕ್ಕೇ ಇನ್ಶೂರೆನ್ಸ್ ಕಂಪನೀಲಿ ಡಬ್ಲ್ಯೂಸಿ (ವರ್ಕ್‌ಮೆನ್ಸ್ ಕಾಂಪೆನ್ಸೇಶನ್) ಪಾಲಿಸಿ ಮಾಡಿಸ್ಬಹುದು. 2025ರ ನವೆಂಬರ್ 21ರಿಂದ ಹಳೇ ಕಾರ್ಮಿಕ ಕಾನೂನುಗಳನ್ನ ಸೇರಿಸಿ ಮಾಡಿದ ನಾಲ್ಕು ಲೇಬರ್ ಕೋಡೂ ಜಾರಿಗೆ ಬಂದವು, ಆದ್ರೆ ಅದರಲ್ಲೂ ಸೇಫ್ಟಿ ಕೋಡು ಸಾಮಾನ್ಯವಾಗಿ ಹತ್ತು ಜನ ಅಥವಾ ಜಾಸ್ತಿ ಇರೋ ಜಾಗಕ್ಕೆ. ಆರು ಜನರ ದರ್ಶಿನಿಗೆ, ಮೂರು ಕುರ್ಚಿ ಸಲೂನಿಗೆ ಇನ್ಸ್‌ಪೆಕ್ಟರ್ ಬರ್ತಾರೆ ಅಂತ ಕಾದು ಕೂರೋ ಹಾಗಿಲ್ಲ.

ಕೆಲಸಗಾರರಿಗೆ ಒಂದು ವಿಷಯ. ಪೆಟ್ಟಾಗಿ ಆಸ್ಪತ್ರೆಗೆ ಹೋದಾಗ ಡಾಕ್ಟ್ರು ಮೊದಲು ಕೇಳೋದು ‘ಹೆಂಗಾಯ್ತು’. ಜೊತೆಗೆ ಬಂದ ಮ್ಯಾನೇಜರ್ರು ಪಕ್ಕದಿಂದ ‘ರೂಮಲ್ಲಿ ಬಚ್ಚಲಲ್ಲಿ ಜಾರಿದ ಸಾರ್’ ಅಂತಾರೆ, ಪೊಲೀಸು ಕೇಸು ಯಾಕೆ ಅಂತ, ಒಳ್ಳೆ ಮನಸ್ಸಿಂದಾನೇ ಅಂತಾರೆ ಎಷ್ಟೋ ಸಲ. ಆ ಚೀಟೀಲಿ ಅದೊಂದು ಸಾಲು ಬಿದ್ರೆ ಮುಗೀತು, ಆಮೇಲೆ ಯಾವ ಆಫೀಸಿಗೆ ಹೋದ್ರೂ ಅದನ್ನೇ ತೋರಿಸ್ತಾರೆ. ಸಾಂಬಾರ್ ಬಿದ್ದಿತ್ತಲ್ಲ ಆ ಹುಡುಗ, ಅವನ ಚೀಟೀಲೂ ಬಚ್ಚಲು ಅಂತಾನೇ ಇತ್ತು. ಹೇಳಿ ಬರೆಸಿದ್ದು ನಾನೇ, ಮಾವ ಫೋನಲ್ಲಿ ಹಾಗೆ ಹೇಳು ಅಂದಿದ್ರು. ಎಲ್ಲಿ, ಎಷ್ಟು ಗಂಟೆಗೆ, ಏನು ಮಾಡ್ತಿರುವಾಗ ಆಯ್ತು ಅನ್ನೋದನ್ನ ನೀವೇ ಬಾಯಿಬಿಟ್ಟು ಹೇಳಿ, ಬರೆದದ್ದನ್ನ ಓದಿಸಿ ಕೇಳಿ, ಫೋನಲ್ಲಿ ಫೋಟೋ ತೆಗೆದಿಟ್ಕೊಳ್ಳಿ.